ಬಹು-ಆಂಟೆನಾ ನಿಸ್ತಂತು ಸಂಪರ್ಕದಲ್ಲಿ ಸಂಕೇತ ಬಿಡಿಸುವ ದಕ್ಷ ವಿಧಾನಗಳು

ಹಲವು ಆಂಟೆನಾಗಳಿಂದ ಒಂದೇ ಆವರ್ತನದಲ್ಲಿ, ಒಂದೇ ಕ್ಷಣದಲ್ಲಿ ಹೊರಟ ಬೇರೆ ಬೇರೆ ಸಂಕೇತಗಳು ಗಾಳಿಯಲ್ಲಿ ಒಂದರೊಳಗೊಂದು ಬೆರೆತು ಬರುತ್ತವೆ. ಬೆರೆತು ಬಂದುದನ್ನು ಬಿಡಿಸಿ, ಯಾವ ಆಂಟೆನಾದಿಂದ ಯಾವ ಸಂಕೇತ ಹೊರಟಿತ್ತೆಂದು ತೀರ್ಮಾನಿಸುವ ಲೆಕ್ಕಾಚಾರಕ್ಕೆ ಬಹು-ಆಂಟೆನಾ ಡಿಕೋಡಿಂಗ್ ಎನ್ನುತ್ತಾರೆ. ಕಳಿಸುವ ಕಡೆಯೂ ಪಡೆಯುವ ಕಡೆಯೂ ಹಲವು ಆಂಟೆನಾಗಳಿರುವ ಈ ಏರ್ಪಾಡು ಎಂಜಿನಿಯರುಗಳ ಬಾಯಲ್ಲಿ ಮೈಮೊ. ಇಂದಿನ ವೈ-ಫೈ, 4ಜಿ, 5ಜಿ ಮೂರೂ ಇದನ್ನೇ ನೆಚ್ಚಿಕೊಂಡಿವೆ. ಆಂಟೆನಾ ಸೇರಿಸುತ್ತಾ ಹೋದಂತೆ ಸಾಗಿಸಬಹುದಾದ ಮಾಹಿತಿ ಹೆಚ್ಚುತ್ತದೆ. ಆದರೆ ಬಿಡಿಸುವ ಹೊರೆ ಅದಕ್ಕಿಂತ ಎಷ್ಟೋ ಪಾಲು ವೇಗದಲ್ಲಿ ಏರುತ್ತದೆ. ಈ ಹೊರೆಯನ್ನು ಇಳಿಸುವ ಪ್ರಯತ್ನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲು ದೊಡ್ಡದು. ಎಲ್ಲ ಕಡೆಗೂ ಸಲ್ಲುವ ಒಂದೇ ಡಿಕೋಡರ್ ಎಂಬುದಿಲ್ಲ. ಎಂಥ ಡಿಕೋಡರ್ ಬೇಕೆಂಬುದನ್ನು ಬಹುಮಟ್ಟಿಗೆ ನೆಲವೇ ನಿರ್ಧರಿಸುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಯಲು, ಬಂಡೆಗುಡ್ಡ, ನದಿದಂಡೆ, ಜಾತ್ರೆ ಎಲ್ಲವೂ ಹತ್ತಿರ ಹತ್ತಿರವೇ ಸಿಗುವುದರಿಂದ ಈ ಲೇಖನದ ಉದಾಹರಣೆಗಳನ್ನು ಅಲ್ಲಿಂದಲೇ ಆಯ್ದುಕೊಳ್ಳಲಾಗಿದೆ.

ಹಿನ್ನೆಲೆ

ರೇಡಿಯೊ ತರಂಗ ಗುಡ್ಡ, ಗೋಡೆ, ಮರಗಳಿಗೆ ಬಡಿದು ಹಲವು ದಾರಿಗಳಲ್ಲಿ ಬರುವುದನ್ನು ಎಂಜಿನಿಯರುಗಳು ಬಹುಕಾಲ ಶಾಪವೆಂದೇ ಎಣಿಸಿದ್ದರು. ಒಂದು ದಾರಿಯ ತರಂಗ ಇನ್ನೊಂದನ್ನು ಅಳಿಸಿಹಾಕಿದರೆ ಕರೆ ಕಡಿದುಹೋಗುತ್ತಿತ್ತು. 1990ರ ದಶಕದಲ್ಲಿ ಈ ಎಣಿಕೆ ತಿರುಗಿತು. ದಾರಿಗಳು ಬೇರೆ ಬೇರೆಯಾಗಿದ್ದರೆ ಪ್ರತಿಯೊಂದರ ಮೇಲೂ ಬೇರೆ ಮಾಹಿತಿಯನ್ನು ಹೊರಿಸಬಹುದಲ್ಲ ಎಂಬ ಯೋಚನೆ ಬಂತು. ಇದನ್ನು ಮೊದಲು ಹಕ್ಕುಸ್ವಾಮ್ಯದ ರೂಪಕ್ಕೆ ತಂದವರಲ್ಲಿ ಪೊಳ್ಳಾಚಿಯಲ್ಲಿ ಹುಟ್ಟಿದ ಆರೋಗ್ಯಸ್ವಾಮಿ ಪೌಲ್‌ರಾಜ್ ಪ್ರಮುಖರು. ಭಾರತೀಯ ನೌಕಾಪಡೆಯಲ್ಲಿದ್ದಾಗ ಅವರು ಅಪ್ಸೋ ಎಂಬ ಸೋನಾರ್ ರೂಪಿಸಿದರು. 1986ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕೃತಕ ಬುದ್ಧಿಮತ್ತೆ ಮತ್ತು ರೊಬೊಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರಾದರು, ಆಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ಸೇರಿದರು. ಥಾಮಸ್ ಕೈಲಾತ್ ಅವರ ಜೊತೆ ಪಡೆದ ಅವರ ಪೇಟೆಂಟ್ 1994ರದು. ನೀರಿನಡಿಯಲ್ಲಿ ಹಲವು ಸಂವೇದಕಗಳಿಂದ ದಿಕ್ಕುದಿಕ್ಕಿನ ಸದ್ದುಗಳನ್ನು ಬೇರ್ಪಡಿಸುವ ಸೋನಾರ್ ವಿದ್ಯೆಗೂ ಹಲವು ಆಂಟೆನಾಗಳಿಂದ ಸಂಕೇತ ಬೇರ್ಪಡಿಸುವ ವಿದ್ಯೆಗೂ ಗಣಿತದಲ್ಲಿ ಹತ್ತಿರದ ನಂಟಿದೆ. ಪೌಲ್‌ರಾಜ್ ಅವರಿಗೆ 2014ರಲ್ಲಿ ಮಾರ್ಕೋನಿ ಪ್ರಶಸ್ತಿ ಬಂತು.

ಬೆಲ್ ಲ್ಯಾಬ್ಸ್‌ನ ಜೆರಾರ್ಡ್ ಫೋಶಿನಿ 1996ರಲ್ಲಿ ಬ್ಲಾಸ್ಟ್ ಎಂಬ ಮೈಮೊ ವಿನ್ಯಾಸವನ್ನು ಮುಂದಿಟ್ಟರು. ಎಮ್ರೆ ಟೆಲಟಾರ್ 1995ರಲ್ಲಿ ಬರೆದು 1999ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಬಹು-ಆಂಟೆನಾ ಸಂಪರ್ಕದ ಸಾಮರ್ಥ್ಯವನ್ನು ಲೆಕ್ಕಹಾಕಿದರು. ಎರಡೂ ಬದಿಯ ಆಂಟೆನಾ ಸಂಖ್ಯೆಗಳಲ್ಲಿ ಯಾವುದು ಚಿಕ್ಕದೋ ಅದರ ಅನುಪಾತದಲ್ಲಿ ಸಾಗಣೆ ಸಾಮರ್ಥ್ಯ ಬೆಳೆಯುತ್ತದೆ ಎಂಬುದು ಈ ಕೆಲಸಗಳ ಸಾರ. 1998ರಲ್ಲಿ ಬೆಲ್ ಲ್ಯಾಬ್ಸ್ ಕಟ್ಟಡದೊಳಗೆ 8 ಕಳಿಸುವ, 12 ಪಡೆಯುವ ಆಂಟೆನಾಗಳಿಟ್ಟು ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ 20ರಿಂದ 40 ಬಿಟ್ ಸಾಗಿಸಿ ತೋರಿಸಿದರು. ಅಲ್ಲಿಂದ ಮುಂದಿನ ಪ್ರಶ್ನೆಯೆಲ್ಲ ಬಿಡಿಸುವುದರದೇ.

ಸಮಸ್ಯೆಯ ಲೆಕ್ಕ

ಕಳಿಸಿದ ಸಂಕೇತಗಳ ಪಟ್ಟಿಯನ್ನು ಒಂದು ಮ್ಯಾಟ್ರಿಕ್ಸ್‌ನಿಂದ ಗುಣಿಸಿ, ಅದಕ್ಕೆ ಗದ್ದಲ ಸೇರಿಸಿದರೆ ಪಡೆಯುವ ಆಂಟೆನಾಗಳಿಗೆ ಬಂದು ಮುಟ್ಟುವ ಅಳತೆಗಳು ಸಿಗುತ್ತವೆ. ಆ ಮ್ಯಾಟ್ರಿಕ್ಸ್‌ನ ಹೆಸರು ಚಾನೆಲ್. ಯಾವ ಆಂಟೆನಾದಿಂದ ಹೊರಟ ತರಂಗ ಯಾವ ಆಂಟೆನಾಗೆ ಎಷ್ಟು ಬಲದಲ್ಲಿ, ಎಷ್ಟು ತಿರುವಿನಲ್ಲಿ ಬಂತೆಂಬ ವಿವರ ಅದರಲ್ಲಿರುತ್ತದೆ. ಮೊದಲೇ ಗೊತ್ತಿರುವ ಪೈಲಟ್ ಸಂಕೇತಗಳನ್ನು ಆಗಾಗ ಕಳಿಸಿ ಈ ಚಾನೆಲನ್ನು ಅಂದಾಜು ಮಾಡುತ್ತಾರೆ. ಅಷ್ಟಾದ ಮೇಲೆ ಉಳಿಯುವ ಕೆಲಸ ಇಷ್ಟೇ: ಸಾಧ್ಯವಿರುವ ಸಂಕೇತಗಳ ಎಲ್ಲ ಜೋಡಣೆಗಳಲ್ಲಿ, ಯಾವುದನ್ನು ಚಾನೆಲಿನಿಂದ ಗುಣಿಸಿದರೆ ನಮಗೆ ಬಂದ ಅಳತೆಗೆ ಅತಿ ಹತ್ತಿರವಾಗುತ್ತದೋ ಅದನ್ನು ಆರಿಸುವುದು. ಇದಕ್ಕೆ ಗರಿಷ್ಠ ಸಂಭಾವ್ಯತೆಯ ಡಿಕೋಡಿಂಗ್ ಎಂದು ಹೆಸರು. ಎಲ್ಲ ಜೋಡಣೆಗಳೂ ಸಮಾನ ಸಂಭವವಾಗಿದ್ದರೆ ಇದಕ್ಕಿಂತ ಕಡಿಮೆ ತಪ್ಪು ಮಾಡುವ ವಿಧಾನ ಇಲ್ಲವೇ ಇಲ್ಲ.

ಕಷ್ಟವಿರುವುದು 'ಎಲ್ಲ ಜೋಡಣೆ' ಎಂಬಲ್ಲಿ. 64 ಬಿಂದುಗಳ ಕ್ವಾಮ್, ಅಂದರೆ ಒಂದೊಂದು ಸಂಕೇತಕ್ಕೂ 64 ಸಾಧ್ಯತೆಗಳಿರುವ ವಿನ್ಯಾಸ, ಬಳಸಿ 4 ಆಂಟೆನಾಗಳಿಂದ ಕಳಿಸಿದರೆ ಜೋಡಣೆಗಳು 1,67,77,216. 4ಜಿಯ 20 ಮೆಗಾಹರ್ಟ್ಸ್ ಪಟ್ಟಿಯಲ್ಲಿ 1200 ಉಪವಾಹಕಗಳಿವೆ, ಪ್ರತಿ ಮಿಲಿಸೆಕೆಂಡಿಗೆ 14 ಸಂಕೇತಾವಧಿಗಳಿವೆ. ಅಂದರೆ ಸೆಕೆಂಡಿಗೆ 1 ಕೋಟಿ 68 ಲಕ್ಷ ಸಲ ಈ ಹುಡುಕಾಟ ನಡೆಯಬೇಕು. ಪೈಲಟ್‌ಗಳಿಗೆ ಹೋಗುವ ಪಾಲನ್ನು ಕಳೆದರೂ ಹೋಲಿಕೆಗಳ ಮೊತ್ತ ಸೆಕೆಂಡಿಗೆ ಇನ್ನೂರು ಲಕ್ಷ ಕೋಟಿಯನ್ನು ಮೀರುತ್ತದೆ. ಆಂಟೆನಾ 8 ಆದರೆ ಒಂದೊಂದು ಹುಡುಕಾಟದಲ್ಲೇ 281 ಲಕ್ಷ ಕೋಟಿಗೂ ಮೀರಿದ ಜೋಡಣೆಗಳು. ಇಂಥ ಲೆಕ್ಕ ಜೇಬಿನ ಫೋನಿಗೆ ಸಾಧ್ಯವೇ ಇಲ್ಲ. ಇದು ಬರೀ ಇಂದಿನ ಚಿಪ್ಪಿನ ದೌರ್ಬಲ್ಯವೂ ಅಲ್ಲ. ಚಾನೆಲಿನಿಂದ ಗುಣಿಸಿದ ಜೋಡಣೆಗಳು ಒಂದು ಜಾಲಕದ ಬಿಂದುಗಳಂತೆ ಹರಡಿರುತ್ತವೆ. ಅಂಥ ಜಾಲಕದಲ್ಲಿ ಅತಿ ಹತ್ತಿರದ ಬಿಂದುವನ್ನು ಹುಡುಕುವ ಸಮಸ್ಯೆ, ಎಲ್ಲ ಸಂದರ್ಭಕ್ಕೂ ಸಲ್ಲುವ ವೇಗದ ವಿಧಾನ ಗೊತ್ತಿಲ್ಲದ ಎನ್‌ಪಿ-ಕಠಿಣ ವರ್ಗದ್ದೆಂದು ವಾನ್ ಎಮ್ಡೆ ಬೋಆಸ್ 1981ರಲ್ಲೂ, ಬಹುಬಳಕೆದಾರ ಡಿಕೋಡಿಂಗ್ ಅದೇ ವರ್ಗದ್ದೆಂದು ಸೆರ್ಜಿಯೊ ವೆರ್ದು 1989ರಲ್ಲೂ ತೋರಿಸಿಕೊಟ್ಟಿದ್ದಾರೆ. ಹಾಗಾಗಿ ದಕ್ಷ ಡಿಕೋಡಿಂಗ್ ಎಂದರೆ ಎಲ್ಲಿ, ಎಷ್ಟು ರಾಜಿ ಮಾಡಿಕೊಳ್ಳಬೇಕೆಂಬ ವಿವೇಕ.

ನೆಲದ ಮಾತು

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯ ಕಡೆಗೆ ಹರಡಿದ ಹೊಲಗಳಲ್ಲಿ ಕಣ್ಣಿಗೆ ಅಡ್ಡ ಬರುವುದು ಕಡಿಮೆ. ಟವರು ಎರಡು-ಮೂರು ಕಿಲೋಮೀಟರ್ ದೂರದಿಂದಲೂ ನೇರ ಕಾಣುತ್ತದೆ. ಜನಸಾಮಾನ್ಯರ ಎಣಿಕೆಯಲ್ಲಿ ಟವರು ಕಂಡರೆ ನೆಟ್‌ವರ್ಕ್ ಚೆನ್ನಾಗಿರಬೇಕು. ಒಂದೇ ಆಂಟೆನಾದ ಕಾಲಕ್ಕೆ ಆ ಎಣಿಕೆ ಸರಿ. ಮೈಮೊಗೆ ಮಾತ್ರ ಅದು ಅರ್ಧಸತ್ಯ. ನೇರ ದಾರಿಯೊಂದೇ ಪ್ರಬಲವಾಗಿದ್ದಾಗ ಟವರಿನ ಎರಡು ಆಂಟೆನಾಗಳಿಂದ ಹೊರಟ ತರಂಗಗಳು ಫೋನಿನ ಎರಡೂ ಆಂಟೆನಾಗಳಿಗೆ ಹೆಚ್ಚುಕಡಿಮೆ ಒಂದೇ ತೆರನಾಗಿ ಬರುತ್ತವೆ. ಬಲ ಬೇಕಾದಷ್ಟಿರುತ್ತದೆ, ಬೇರ್ಪಡಿಸಲು ಬೇಕಾದ ವ್ಯತ್ಯಾಸ ಇರುವುದಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಡೆ ಹೋದರೆ ಚಿತ್ರ ಬೇರೆ. ಕರಡಿಧಾಮದ ಸುತ್ತ ರಾಶಿಬಿದ್ದ ಕಣಶಿಲೆಯ ಬಂಡೆಗಳಿಗೆ ಬಡಿದು ತರಂಗ ಹತ್ತಾರು ದಿಕ್ಕಿಗೆ ಚದುರುತ್ತದೆ. ಸಂಕೇತದ ಬಲ ಕುಗ್ಗುತ್ತದೆ, ಆದರೆ ದಾರಿಗಳು ಒಂದಕ್ಕೊಂದು ಹೋಲುವುದಿಲ್ಲ. ಬಯಲಿನಲ್ಲಿ ಬಲವಿದ್ದೂ ಬಿಡಿಸುವುದು ಕಷ್ಟ, ಬಂಡೆಗಳ ನಡುವೆ ಬಲವಿಲ್ಲದಿದ್ದರೂ ಬಿಡಿಸುವುದು ಸುಲಭ. ಮೈಮೊ ಕಲಿಯುವವರು ಮೊದಲು ಅರಗಿಸಿಕೊಳ್ಳಬೇಕಾದ ವಿಚಿತ್ರ ಇದು.

ನೆಲವನ್ನು ಹೀಗೆ ವರ್ಗೀಕರಿಸುವ ಕೆಲಸದಲ್ಲೂ ವಿಜ್ಞಾನ ಸಂಸ್ಥೆಯ ಕೈಯಿದೆ. ಅಲ್ಲಿನ ಪ್ರಾಧ್ಯಾಪಕ ಕೆ.ವಿ.ಎಸ್. ಹರಿ ಅವರು ವಿಂಕೊ ಎರ್ಸೆಗ್ ಮೊದಲಾದವರ ಜೊತೆ 2001ರ ಸುಮಾರಿಗೆ ಸ್ಥಿರ ನಿಸ್ತಂತು ಸಂಪರ್ಕಕ್ಕಾಗಿ ರೂಪಿಸಿದ ಚಾನೆಲ್ ಮಾದರಿಗಳು 'ಸುಯಿ' ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಗಿವೆ. ಗುಡ್ಡಗಾಡು ಮತ್ತು ದಟ್ಟ ಮರಗಳಿರುವ ನೆಲ ಎ ವರ್ಗ, ಮಟ್ಟಸವಾದ ವಿರಳ ಮರಗಳ ನೆಲ ಸಿ ವರ್ಗ, ನಡುವಿನದು ಬಿ. ಸಿ ವರ್ಗದ ಮಾದರಿಗಳಲ್ಲಿ ನೇರ ದಾರಿಯ ಪಾಲು ಹೆಚ್ಚು, ಚದುರಿ ಬರುವ ತರಂಗಗಳ ವಿಳಂಬ ಕಡಿಮೆ. ಕೊಟ್ಟೂರಿನ ಬಯಲು ಕಾಗದದ ಮೇಲೆ ಇದೇ ವರ್ಗಕ್ಕೆ ಸೇರಬೇಕು. ಆದರೆ ಈ ವರ್ಗಗಳಿಗೆ ಆಧಾರವಾದ ಅಳತೆಗಳು ಅಮೆರಿಕದ ಉಪನಗರಗಳವು. ನಮ್ಮ ಹೊಲಗಳಿಗೆ ಅವನ್ನು ಹಾಗೆಯೇ ಅನ್ವಯಿಸುವಾಗ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ವ್ಯತ್ಯಾಸವಿಲ್ಲದಿದ್ದರೆ ಏನಾಗುತ್ತದೆಂದು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. ಎರಡು ಆಂಟೆನಾಗಳು ತಲಾ +1 ಅಥವಾ −1 ಕಳಿಸುತ್ತವೆ ಎನ್ನೋಣ. ಪಡೆಯುವ ಮೊದಲ ಆಂಟೆನಾಗೆ ಬರುವುದು ಮೊದಲ ಸಂಕೇತ ಪೂರ್ತಿ, ಎರಡನೆಯದರ 0.9 ಪಾಲು. ಎರಡನೆಯ ಆಂಟೆನಾಗೆ ಮೊದಲನೆಯದರ 0.9 ಪಾಲು, ಎರಡನೆಯದು ಪೂರ್ತಿ. ಎರಡೂ +1 ಆಗಿದ್ದರೆ ಎರಡೂ ಕಡೆ 1.9 ಬರಬೇಕು. ಗದ್ದಲದಿಂದಾಗಿ ಒಂದು ಕಡೆ 2.05, ಇನ್ನೊಂದು ಕಡೆ 1.75 ಬಂತೆನ್ನಿ. ಶಾಲೆಯಲ್ಲಿ ಕಲಿತ ಹಾಗೆ ಎರಡು ಸಮೀಕರಣ ಬಿಡಿಸಿದರೆ ಮೊದಲ ಸಂಕೇತ 2.5, ಎರಡನೆಯದು −0.5 ಎಂದು ಉತ್ತರ ಬರುತ್ತದೆ. ಋಣ ಚಿಹ್ನೆ ಕಂಡು ಎರಡನೆಯದು −1 ಎಂದು ತೀರ್ಮಾನಿಸಿದರೆ ತಪ್ಪು. ಬರೀ 0.15ರಷ್ಟಿದ್ದ ಗದ್ದಲ ಸಮೀಕರಣ ಬಿಡಿಸುವ ಭರದಲ್ಲಿ 1.5 ಆಗಿಬಿಟ್ಟಿತು. ಅದರ ಬದಲು ನಾಲ್ಕೂ ಸಾಧ್ಯತೆಗಳಿಂದ ದೂರ ಅಳೆದರೆ, (+1, +1)ರ ದೂರದ ವರ್ಗ 0.045. ಮಿಕ್ಕವುಗಳಲ್ಲಿ ಯಾವುದೂ 7ಕ್ಕಿಂತ ಕಡಿಮೆಯಿಲ್ಲ. ಹುಡುಕುವ ಡಿಕೋಡರ್‌ಗೆ ಇಲ್ಲಿ ಅನುಮಾನವೇ ಹುಟ್ಟುವುದಿಲ್ಲ, ಬಿಡಿಸುವ ಡಿಕೋಡರ್ ಮಾತ್ರ ಎಡವುತ್ತದೆ.

ಇದರಿಂದ ಪಾರಾಗಲು ಟವರು ಕಟ್ಟುವವರು ಹಿಡಿದ ಒಂದು ಉಪಾಯವಿದೆ. ಆಂಟೆನಾಗಳನ್ನು ಎಡಕ್ಕೆ 45 ಡಿಗ್ರಿ, ಬಲಕ್ಕೆ 45 ಡಿಗ್ರಿ ಓರೆಯಾಗಿ ಜೋಡಿಸಿ, ತರಂಗಗಳ ಧ್ರುವೀಕರಣವನ್ನೇ ಬೇರೆ ಮಾಡುತ್ತಾರೆ. ಆಗ ಬಟ್ಟಬಯಲಿನಲ್ಲೂ ಎರಡು ಧಾರೆಗಳನ್ನು ಒಂದು ಮಟ್ಟಿಗೆ ಪ್ರತ್ಯೇಕಿಸಬಹುದು. ಮೂರನೆಯ, ನಾಲ್ಕನೆಯ ಧಾರೆ ಬೇಕೆಂದಾಗ ಈ ಉಪಾಯ ಮುಗಿಯುತ್ತದೆ.

ಸಮೀಕರಣ ಬಿಡಿಸುವ ವಿಧಾನಗಳು

ಮೇಲಿನ ಲೆಕ್ಕದಲ್ಲಿ ಎಡವಿದ್ದು ಝೀರೋ ಫೋರ್ಸಿಂಗ್ ಎಂಬ ವಿಧಾನ. ಅದಕ್ಕಿಂತ ಸ್ವಲ್ಪ ಜಾಣತನದ್ದು ಎಂಎಂಎಸ್‌ಇ. ಗದ್ದಲ ಎಷ್ಟಿದೆ ಎಂಬ ಅಂದಾಜನ್ನೂ ಸೇರಿಸಿಕೊಂಡು, ಗದ್ದಲ ಹಿಗ್ಗದಂತೆ ಬಿಗಿಹಿಡಿದು, ಅದಕ್ಕಾಗಿ ಒಂದಿಷ್ಟು ಬೆರಕೆಯನ್ನು ಹಾಗೆಯೇ ಉಳಿಯಗೊಡುತ್ತದೆ. ಇವೆರಡೂ ರೇಖೀಯ ಡಿಕೋಡರ್‌ಗಳು. ಖರ್ಚು ಆಂಟೆನಾ ಸಂಖ್ಯೆಯ ಘನದ ಅಂದಾಜಿನಲ್ಲಿ ಏರುತ್ತದೆ, ಘಾತದಂತೆ ಸ್ಫೋಟಿಸುವುದಿಲ್ಲ. ಬೆಲ್ ಲ್ಯಾಬ್ಸ್‌ನ ವಿ-ಬ್ಲಾಸ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಲ್ಲಕ್ಕಿಂತ ಸ್ಪಷ್ಟವಾದ ಸಂಕೇತವನ್ನು ಮೊದಲು ತೀರ್ಮಾನಿಸಿ, ಅದರ ಪಾಲನ್ನು ಬಂದ ಅಳತೆಯಿಂದ ಕಳೆದು, ಉಳಿದುದನ್ನು ಬಿಡಿಸುತ್ತದೆ. ಮೊದಲ ತೀರ್ಮಾನವೇ ತಪ್ಪಿದರೆ ತಪ್ಪು ಕೆಳಗಿನವಕ್ಕೆಲ್ಲ ಹರಡುತ್ತದೆ ಎಂಬುದು ಅದರ ದೋಷ.

ಚಾನೆಲ್ ಮ್ಯಾಟ್ರಿಕ್ಸನ್ನೇ ಮೊದಲು ಹದಗೊಳಿಸಿ ಆಮೇಲೆ ಬಿಡಿಸುವ ಪದ್ಧತಿಯೂ ಇದೆ. ಲೆನ್‌ಸ್ಟ್ರಾ ಸೋದರರು ಮತ್ತು ಲೊವಾಸ್ 1982ರಲ್ಲಿ ಬಹುಪದಗಳ ಅಪವರ್ತನಕ್ಕಾಗಿ ಕಟ್ಟಿದ ಎಲ್‌ಎಲ್‌ಎಲ್ ಕ್ರಮವಿಧಿ ಇಲ್ಲಿ ಕೆಲಸಕ್ಕೆ ಬಂತು. ಒಂದಕ್ಕೊಂದು ವಾಲಿಕೊಂಡಿರುವ ಜಾಲಕದ ಅಕ್ಷಗಳನ್ನು ಅದು ಹೆಚ್ಚು ಲಂಬವಾಗಿಸುತ್ತದೆ.

ಗೋಳದೊಳಗಿನ ಹುಡುಕಾಟ

ಈ ಕ್ಷೇತ್ರದ ಅತಿ ಸೊಗಸಾದ ವಿಚಾರ ಬಂದಿದ್ದು ಸಂಪರ್ಕ ವಿಜ್ಞಾನದಿಂದಲ್ಲ, ಬೀಜಗಣಿತೀಯ ಸಂಖ್ಯಾಸಿದ್ಧಾಂತದಿಂದ. ಜಾಲಕದಲ್ಲಿ ಚಿಕ್ಕ ಸದಿಶಗಳನ್ನು ಹುಡುಕಲು ಮೈಕೆಲ್ ಪೋಸ್ಟ್ 1981ರಲ್ಲೂ, ಅವರೊಡನೆ ಉಲ್ರಿಚ್ ಫಿಂಕೆ 1985ರಲ್ಲೂ ಒಂದು ವಿಧಾನ ಕೊಟ್ಟಿದ್ದರು. ಇಮ್ಯಾನುಯೆಲ್ ವಿಟರ್ಬೊ ಮತ್ತು ಜೋಸೆಫ್ ಬುತ್ರೋಸ್ 1999ರಲ್ಲಿ ಅದನ್ನು ಮಸುಕಾಗುವ ಚಾನೆಲುಗಳ ಡಿಕೋಡಿಂಗ್‌ಗೆ ತಂದರು. ಮರುವರ್ಷ ದಾಮೆನ್, ಶ್ಕೈಫ್, ಬೆಲ್ಫಿಯೋರ್ ಅದನ್ನು ಬಹು-ಆಂಟೆನಾ ಕೋಡುಗಳಿಗೆ ಹೊಂದಿಸಿದರು.

ಹಿಂಡು ತಪ್ಪಿದ ಕುರಿಯನ್ನು ಹುಡುಕುವ ಕುರಿಗಾಹಿ ಇಡೀ ತಾಲ್ಲೂಕು ಸುತ್ತುವುದಿಲ್ಲ. ಕೊನೆಗೆ ಕಂಡ ಜಾಗದ ಸುತ್ತ ಇಷ್ಟು ದೂರ ಎಂದು ಗೊತ್ತುಮಾಡಿಕೊಂಡು ಹುಡುಕುತ್ತಾನೆ. ಗೋಳ ಡಿಕೋಡರ್ ಮಾಡುವುದೂ ಅದನ್ನೇ. ಬಂದ ಅಳತೆಯನ್ನು ನಡುವಿಟ್ಟು ಒಂದು ತ್ರಿಜ್ಯ ಹಿಡಿದು, ಆ ಗೋಳದೊಳಗೆ ಬೀಳುವ ಬಿಂದುಗಳನ್ನಷ್ಟೇ ಪರೀಕ್ಷಿಸುತ್ತದೆ. ಯಾವ ಬಿಂದು ಒಳಗಿದೆ, ಯಾವುದು ಹೊರಗಿದೆ ಎಂದು ಎಲ್ಲವನ್ನೂ ಅಳೆಯದೆ ತಿಳಿಯುವುದು ಹೇಗೆ ಎಂಬಲ್ಲಿ ಅದರ ಜಾಣ್ಮೆಯಿದೆ. ಚಾನೆಲ್ ಮ್ಯಾಟ್ರಿಕ್ಸನ್ನು ಒಂದು ಲಂಬ ಮ್ಯಾಟ್ರಿಕ್ಸ್ ಮತ್ತು ಒಂದು ಮೇಲ್ತ್ರಿಕೋನ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಒಡೆಯುತ್ತಾರೆ. ಆಗ ಕೊನೆಯ ಸಾಲಿನಲ್ಲಿ ಒಂದೇ ಸಂಕೇತ ಉಳಿಯುತ್ತದೆ, ಅದರ ಮೇಲಿನದರಲ್ಲಿ ಎರಡು, ಹೀಗೆ. ಕೆಳಗಿನಿಂದ ಒಂದೊಂದೇ ಸಂಕೇತ ಊಹಿಸುತ್ತಾ ಏರಿದರೆ ಹುಡುಕಾಟಕ್ಕೆ ಮರದ ಆಕಾರ ಬರುತ್ತದೆ. ಪ್ರತಿ ಹಂತದಲ್ಲೂ ದೂರದ ವರ್ಗಕ್ಕೆ ಒಂದು ಧನ ಮೊತ್ತ ಸೇರುತ್ತದೆಯೇ ಹೊರತು ಎಂದೂ ಕಳೆಯುವುದಿಲ್ಲ. ಆದ್ದರಿಂದ ಒಂದು ಕೊಂಬೆಯಲ್ಲಿ ಅರ್ಧ ದಾರಿಗೇ ಮೊತ್ತ ತ್ರಿಜ್ಯ ಮೀರಿತೆಂದರೆ ಆ ಕೊಂಬೆಯನ್ನು ಅದರ ಎಲೆಗಳ ಸಮೇತ ಕಡಿದು ಹಾಕಬಹುದು. ಒಂದು ಎಲೆ ಸಿಕ್ಕಾಗ ಅದರ ದೂರವೇ ಹೊಸ ತ್ರಿಜ್ಯವಾಗುತ್ತದೆ, ಗೋಳ ಕುಗ್ಗುತ್ತದೆ. ಶ್ನೋರ್ ಮತ್ತು ಆಯ್ಕ್ನರ್ 1994ರಲ್ಲಿ ಸೂಚಿಸಿದ ಕ್ರಮದಲ್ಲಿ, ಅಂದರೆ ಪ್ರತಿ ಹಂತದಲ್ಲೂ ಅತಿ ಸಂಭಾವ್ಯ ಕೊಂಬೆಯಿಂದ ಆರಂಭಿಸಿದರೆ, ಮೊದಲು ಸಿಕ್ಕ ಎಲೆಯೇ ಎಷ್ಟೋ ಸಲ ಸರಿಯುತ್ತರವಾಗಿರುತ್ತದೆ. ಕಡಿದುಹಾಕಿದ್ದರಲ್ಲಿ ಉತ್ತಮ ಉತ್ತರ ಇರಲಾರದು ಎಂಬ ಖಾತ್ರಿಯಿರುವುದರಿಂದ ಇದು ಗರಿಷ್ಠ ಸಂಭಾವ್ಯತೆಯ ಉತ್ತರವನ್ನೇ ಕೊಡುತ್ತದೆ, ಎಲ್ಲೂ ರಾಜಿಯಿಲ್ಲದೆ.

ಹಾಗಾದರೆ ಖರ್ಚು? ಬಾಬಕ್ ಹಸೀಬಿ ಮತ್ತು ಹಾರಿಸ್ ವಿಕಾಲೊ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಬಳಕೆಯ ಮಟ್ಟದ ಸಂಕೇತ-ಗದ್ದಲ ಅನುಪಾತಗಳಲ್ಲಿ, ಬಳಕೆಯ ಆಂಟೆನಾ ಸಂಖ್ಯೆಗಳಲ್ಲಿ ಸರಾಸರಿ ಖರ್ಚು ಬಹುಪದೀಯದಂತೆ, ಸುಮಾರು ಘನದ ಆಸುಪಾಸಿನಲ್ಲಿ ವರ್ತಿಸುತ್ತದೆ. ಅದೇ ವರ್ಷ ಯೋಆಕಿಮ್ ಯಾಲ್ಡೆನ್ ಮತ್ತು ಬ್ಯೋರ್ನ್ ಓಟರ್ಸ್ಟೆನ್, ಆಂಟೆನಾ ಸಂಖ್ಯೆ ಹೆಚ್ಚುತ್ತಾ ಹೋದರೆ ಸರಾಸರಿಯೂ ಕೊನೆಗೆ ಘಾತೀಯವೇ ಎಂದು ಸಾಧಿಸಿದರು. ಎರಡೂ ನಿಜ. ನಾಲ್ಕು ಆಂಟೆನಾಗಳ ಫೋನಿಗೆ ಮೊದಲನೆಯ ಮಾತು ಸಾಕು, ನೂರು ಆಂಟೆನಾಗಳ ಟವರಿಗೆ ಎರಡನೆಯದು ಎಚ್ಚರಿಕೆ.

ಚಿಪ್ ಮಾಡುವವರ ತಕರಾರು ಬೇರೆಯೇ ಇತ್ತು. ಗೋಳ ಡಿಕೋಡರ್ ಒಂದು ಸಲ ಹತ್ತು ಹೆಜ್ಜೆಯಲ್ಲಿ ಮುಗಿಸಿದರೆ ಇನ್ನೊಂದು ಸಲ ಸಾವಿರ ಹೆಜ್ಜೆ ಬೇಡುತ್ತದೆ. ಬಂದ ಸಂಕೇತಕ್ಕೆ ಇಷ್ಟೇ ಹೊತ್ತಿನಲ್ಲಿ ಉತ್ತರ ಕೊಡಲೇಬೇಕಾದ ಯಂತ್ರಕ್ಕೆ ಇಂಥ ಅನಿಶ್ಚಿತತೆ ಆಗಿಬರುವುದಿಲ್ಲ. ಜ್ಯೂರಿಕ್‌ನ ಇಟಿಎಚ್‌ನಲ್ಲಿ ಆಂಡ್ರಿಯಾಸ್ ಬರ್ಗ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ಸಿಲಿಕಾನ್‌ನಲ್ಲಿ ಕಟ್ಟಿ ತೋರಿಸಿದರು. ಆದರೂ ಉದ್ಯಮ ಹೆಚ್ಚು ಒಲಿದದ್ದು ಕೆ-ಬೆಸ್ಟ್ ಎಂಬ ತಮ್ಮನಿಗೆ. ಅದು ಪ್ರತಿ ಹಂತದಲ್ಲೂ ಒಳ್ಳೆಯ ಇಂತಿಷ್ಟೇ ಕೊಂಬೆಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟುಬಿಡುತ್ತದೆ. ಸರಿಯುತ್ತರ ತಪ್ಪಿಹೋಗುವ ಸಣ್ಣ ಅಪಾಯವಿದೆ, ಸಮಯಕ್ಕೆ ಮುಗಿಯುವ ಭರವಸೆಯಿದೆ. ಬಾರ್ಬೆರೊ ಮತ್ತು ಥಾಂಪ್ಸನ್ 2008ರಲ್ಲಿ ಕೊಟ್ಟ ಸ್ಥಿರ-ಖರ್ಚಿನ ಗೋಳ ಡಿಕೋಡರ್ ಕೂಡ ಇದೇ ದಾರಿಯದು.

ಇನ್ನೊಂದು ಅಗತ್ಯವೂ ಇದೆ. ಫೋನಿನೊಳಗೆ ಈ ಡಿಕೋಡರ್‌ನ ಹಿಂದೆ ತಪ್ಪು ತಿದ್ದುವ ಟರ್ಬೊ ಅಥವಾ ಎಲ್‌ಡಿಪಿಸಿ ಡಿಕೋಡರ್ ಕೂತಿರುತ್ತದೆ. ಅದಕ್ಕೆ ಬರೀ 0 ಅಥವಾ 1 ಎಂಬ ತೀರ್ಪು ಸಾಲದು, ಎಷ್ಟು ಖಚಿತ ಎಂಬ ತೂಕವೂ ಬೇಕು. ಹೋಖ್‌ವಾಲ್ಡ್ ಮತ್ತು ಟೆನ್ ಬ್ರಿಂಕ್ 2003ರಲ್ಲಿ ಒಂದೇ ಬಿಂದುವಿನ ಬದಲು ಹತ್ತಿರದ ಬಿಂದುಗಳ ಪಟ್ಟಿಯನ್ನೇ ಹುಡುಕಿ, ಅದರಿಂದ ಈ ತೂಕ ಲೆಕ್ಕಹಾಕುವುದನ್ನು ತೋರಿಸಿಕೊಟ್ಟರು.

ಬೆಂಗಳೂರಿನ ಕೊಡುಗೆ

ಬಿಡಿಸಲು ಕಷ್ಟವಾಗದಂತೆ ಕಳಿಸುವ ಕಡೆಯೇ ಸಂಕೇತಗಳನ್ನು ಕೋಡುಗಳಾಗಿ ಕಟ್ಟಿದರೆ ಆಗದೇ ಎಂಬ ಪ್ರಶ್ನೆಯಿಂದ ವಿಜ್ಞಾನ ಸಂಸ್ಥೆಯ ಬಿ. ಸುಂದರ ರಾಜನ್ ಅವರ ಗುಂಪಿನ ಬಹಳಷ್ಟು ಕೆಲಸ ಹೊರಟಿದೆ. ಸಿಯಾವಾಶ್ ಅಲಮೌಟಿ 1998ರಲ್ಲಿ ಎರಡು ಆಂಟೆನಾ, ಎರಡು ಕಾಲಾವಧಿಗಳಲ್ಲಿ ಎರಡು ಸಂಕೇತಗಳನ್ನು ಎಷ್ಟು ಚೆಂದ ಹೆಣೆದಿದ್ದರೆಂದರೆ, ಪಡೆಯುವ ಕಡೆ ಪ್ರತಿ ಸಂಕೇತವನ್ನೂ ಬೇರೆಯಾಗಿ, ಯಾವ ನಷ್ಟವೂ ಇಲ್ಲದೆ ತೀರ್ಮಾನಿಸಬಹುದಿತ್ತು. ಆದರೆ ಎರಡಕ್ಕಿಂತ ಹೆಚ್ಚು ಆಂಟೆನಾಗಳಿದ್ದಾಗ ವೇಗ ಕಳೆದುಕೊಳ್ಳದೆ ಇದೇ ಬಗೆಯ ಲಂಬ ಹೆಣಿಗೆ ಸಂಕೀರ್ಣ ಸಂಖ್ಯೆಗಳಲ್ಲಿ ಅಸಾಧ್ಯ. ಜಾಫರ್ ಅಲಿ ಖಾನ್ ಮತ್ತು ಸುಂದರ ರಾಜನ್ ಈ ಗೋಡೆಯನ್ನು ಬಳಸಿ ಹೋಗುವ ದಾರಿ ಹುಡುಕಿದರು. ಸಂಕೇತದ ನೈಜ ಭಾಗವನ್ನೂ ಕಾಲ್ಪನಿಕ ಭಾಗವನ್ನೂ ಬೇರೆ ಬೇರೆ ಆಂಟೆನಾಗಳಿಗೆ ಹಂಚಿ, ಬಿಂದುಗಳ ವಿನ್ಯಾಸವನ್ನು ಸುಮಾರು 31.7 ಡಿಗ್ರಿ ತಿರುಗಿಸಿದರೆ, ನಾಲ್ಕು ಆಂಟೆನಾಗಳಲ್ಲೂ ವೇಗ ಕುಂದದೆ ಒಂದೊಂದೇ ಸಂಕೇತವನ್ನು ಬಿಡಿಸಬಹುದು. ಈ ಕೆಲಸದ ಪೂರ್ಣ ರೂಪ 2006ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು 2003ರಲ್ಲಿ ಸೇತುರಾಮನ್, ಸುಂದರ ರಾಜನ್, ಶಶಿಧರ್ ಭಾಗಾಕಾರ ಬೀಜಗಣಿತಗಳಿಂದ ಅತಿವೇಗದ ಕೋಡುಗಳನ್ನು ಕಟ್ಟಿದ್ದರು. ಅವುಗಳ ಸಾಮರ್ಥ್ಯ ಅಪಾರ, ಬಿಡಿಸುವ ಹೊರೆಯೂ ಅಪಾರ. 2009ರಲ್ಲಿ ಪವನ್ ಶ್ರೀನಾಥ್ ಮತ್ತು ಸುಂದರ ರಾಜನ್ ಕೊಟ್ಟ ಎರಡು-ಆಂಟೆನಾ ಕೋಡು ಆಗ ಅತ್ಯುತ್ತಮವೆನಿಸಿದ್ದ ಗೋಲ್ಡನ್ ಕೋಡಿಗೆ ಸರಿಸಮವಾಗಿದ್ದು, ಆಯತಾಕಾರವಲ್ಲದ ಕ್ವಾಮ್ ವಿನ್ಯಾಸಗಳಲ್ಲಿ ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಬಿಡಿಸಿಕೊಳ್ಳುತ್ತದೆ.

ಎ. ಚೊಕ್ಕಲಿಂಗಂ ಅವರ ಗುಂಪು ಹಿಡಿದದ್ದು ತದ್ವಿರುದ್ಧ ದಾರಿ. ಆಂಟೆನಾಗಳ ಸಂಖ್ಯೆಗೆ ಹೆದರುವುದರ ಬದಲು ಅದನ್ನೇ ನೆಚ್ಚಿಕೊಂಡರೆ? ವಿಷ್ಣುವರ್ಧನ್, ಸೈಫ್ ಖಾನ್ ಮೊಹಮ್ಮದ್, ಚೊಕ್ಕಲಿಂಗಂ, ಸುಂದರ ರಾಜನ್ 2008ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕಾರಣಕ್ಕೆ ಗಮನಾರ್ಹ. ಅವರ ವಿಧಾನದ ಹೆಸರು ಲಾಸ್, ಸಂಭಾವ್ಯತೆಯ ಏಣಿ ಹತ್ತುವ ಸ್ಥಳೀಯ ಹುಡುಕಾಟ. ಎಂಎಂಎಸ್‌ಇ ಕೊಟ್ಟ ಕಚ್ಚಾ ಉತ್ತರದಿಂದ ಶುರುಮಾಡಿ, ಒಂದೊಂದೇ ಸಂಕೇತವನ್ನು ಬದಲಿಸಿ ನೋಡುತ್ತಾ, ದೂರ ಕಡಿಮೆಯಾದರೆ ಆ ಬದಲಾವಣೆಯನ್ನು ಒಪ್ಪಿಕೊಳ್ಳುವುದು, ಯಾವ ಬದಲಾವಣೆಯಿಂದಲೂ ಲಾಭವಿಲ್ಲವೆಂದಾಗ ನಿಲ್ಲುವುದು. ಕೇಳಲು ತೀರಾ ಸಾದಾ. ಚಿತ್ರಗಳನ್ನು ತಿದ್ದಲು ಬಳಸುತ್ತಿದ್ದ ಹಾಪ್‌ಫೀಲ್ಡ್ ನರಜಾಲದ ಕ್ರಮವಿಧಿಗಳಲ್ಲಿ ಇದರ ಬೇರು. ನಾಲ್ಕು ಆಂಟೆನಾಗಳಲ್ಲಿ ಇದು ಸಾಧಾರಣ. ಆಂಟೆನಾಗಳು ಹತ್ತಾರು, ನೂರಾರು ಆದಂತೆ ಮಾತ್ರ ಇದರ ತಪ್ಪಿನ ಪ್ರಮಾಣ ಅತ್ಯುತ್ತಮ ಡಿಕೋಡರ್‌ನ ಹತ್ತಿರ ಹತ್ತಿರ ಬರುತ್ತದೆ. 600 ಕಳಿಸುವ, 600 ಪಡೆಯುವ ಆಂಟೆನಾಗಳ ಗಣಕ ಅನುಕರಣೆಯಲ್ಲಿ, ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ 200 ಬಿಟ್‌ನಂತೆ, ಸೈದ್ಧಾಂತಿಕ ಮಿತಿಗೆ ಸುಮಾರು 4.6 ಡೆಸಿಬೆಲ್ ಅಂತರದವರೆಗೆ ಅವರು ತಲುಪಿದರು. ಅಷ್ಟೊಂದು ಆಂಟೆನಾಗಳ ಮಾತು ಆಗ ಅತಿರೇಕದಂತೆ ಕೇಳಿಸಿರಬೇಕು. ಥಾಮಸ್ ಮಾರ್ಜೆಟ್ಟಾ ಟವರಿನಲ್ಲಿ ಅಸಂಖ್ಯ ಆಂಟೆನಾಗಳನ್ನಿಡುವ ಮ್ಯಾಸಿವ್ ಮೈಮೊ ಪ್ರಬಂಧ ಪ್ರಕಟಿಸಿದ್ದು ಅದಾದ ಎರಡು ವರ್ಷಕ್ಕೆ, 2010ರಲ್ಲಿ. ಲಾಸ್‌ನ ಬೆನ್ನಿಗೇ ಇದೇ ಗುಂಪಿನಿಂದ ಟಾಬೂ ಹುಡುಕಾಟ, ನಂಬಿಕೆ ಪ್ರಸರಣ, ಗಿಬ್ಸ್ ಮಾದರಿ ಆಯ್ಕೆಗಳನ್ನು ಬಳಸಿದ ಡಿಕೋಡರ್‌ಗಳು ಬಂದವು. ಸ್ಥಳೀಯ ಕನಿಷ್ಠದಲ್ಲಿ ಸಿಕ್ಕಿಬೀಳುವ ಲಾಸ್‌ನ ದೋಷಕ್ಕೆ ಅವು ಮದ್ದು. ಇದೆಲ್ಲದರ ಸಮಗ್ರ ನಿರೂಪಣೆ ಚೊಕ್ಕಲಿಂಗಂ ಮತ್ತು ಸುಂದರ ರಾಜನ್ ಬರೆದು, ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಮುದ್ರಣಾಲಯ 2014ರಲ್ಲಿ ಹೊರತಂದ 'ಲಾರ್ಜ್ ಮೈಮೊ ಸಿಸ್ಟಮ್ಸ್' ಪುಸ್ತಕದಲ್ಲಿದೆ.

ಜಾತ್ರೆಯ ನೆಟ್‌ವರ್ಕ್

ಟವರಿನಲ್ಲಿ 64 ಆಂಟೆನಾ, ಎದುರಿಗೆ ಒಂದೊಂದೇ ಆಂಟೆನಾದಿಂದ ಕಳಿಸುವ ಎಂಟು-ಹತ್ತು ಫೋನು. ಮ್ಯಾಸಿವ್ ಮೈಮೊದ ಮಾಮೂಲು ಚಿತ್ರ ಇದು. ಫೋನುಗಳು ಬೇರೆ ಬೇರೆ ದಿಕ್ಕಿನಲ್ಲಿದ್ದರೆ ಅವುಗಳ ಚಾನೆಲುಗಳು ತಮ್ಮಷ್ಟಕ್ಕೆ ತಾವೇ ಲಂಬಕ್ಕೆ ಹತ್ತಿರವಾಗುತ್ತವೆ. ಆಗ ಗೋಳವೂ ಬೇಡ, ಮರವೂ ಬೇಡ, ರೇಖೀಯ ಡಿಕೋಡರ್ ಸಾಕು. ಉಳಿಯುವ ಖರ್ಚು ಒಂದು ಮ್ಯಾಟ್ರಿಕ್ಸ್‌ನ ವಿಲೋಮ ಕಂಡುಹಿಡಿಯುವುದು. ಅದನ್ನೂ ನಾಯ್ಮನ್ ಶ್ರೇಢಿಯ ಕೆಲವೇ ಪದಗಳಿಂದ ಅಂದಾಜಿಸಿ ಮುಗಿಸಬಹುದು.

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಮಂದಿ ಸೇರುತ್ತಾರೆ. ಡೆಂಕನಮರಡಿಯಲ್ಲಿ ಗೊರವಪ್ಪ ಬಿಲ್ಲನ್ನೇರಿ ಕಾರ್ಣಿಕವೆಂಬ ಭವಿಷ್ಯವಾಣಿ ನುಡಿದ ಮರುಗಳಿಗೆಯೇ ಅದನ್ನು ಊರಿಗೆ ಮುಟ್ಟಿಸುವ ಆತುರ ಎಲ್ಲರಿಗೂ. ಸಂಪರ್ಕದ ದೃಷ್ಟಿಯಿಂದ ಇದು ಅತಿ ಕಠಿಣ ಗಳಿಗೆ. ಸಾವಿರಾರು ಫೋನುಗಳು ಒಂದೇ ದಿಕ್ಕಿನಲ್ಲಿ, ಒಂದೇ ಮೈದಾನದಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ. ನದಿದಂಡೆಯ ಬಯಲಾದ್ದರಿಂದ ಚದುರುವಿಕೆಯೂ ಹೆಚ್ಚಿರಲಾರದು. ಪಕ್ಕಪಕ್ಕದ ಎರಡು ಫೋನುಗಳ ಚಾನೆಲುಗಳು ದೊಡ್ಡ ಆಂಟೆನಾ ಸಾಲಿಗೂ ಒಂದರಂತೆ ಇನ್ನೊಂದು ಕಾಣುತ್ತವೆ. ಪುಸ್ತಕದ ಲಂಬತೆಯ ಊಹೆಗಳೆಲ್ಲ ಇಲ್ಲಿ ಮುರಿದುಬೀಳುತ್ತವೆ. ಕೊಟ್ಟೂರು ಗುರುಬಸವೇಶ್ವರರ ತೇರಿನ ಹೊತ್ತಿಗೂ ಇದೇ ಕತೆ, ಆದರೆ ಅಲ್ಲಿ ಊರ ಕಟ್ಟಡಗಳು ತರಂಗವನ್ನು ಒಂದಿಷ್ಟಾದರೂ ಚದುರಿಸುತ್ತವೆ. ಇಂಥ ಕಡೆ ಎರಡು ಪರಿಹಾರಗಳಿವೆ. ಒಂದೇ ತೆರನ ಚಾನೆಲ್ ಇರುವವರನ್ನು ಬೇರೆ ಬೇರೆ ಕಾಲಾವಧಿಗೆ ಹಂಚುವುದು ಅಗ್ಗದ್ದು. ಲಾಸ್ ಅಥವಾ ಗಿಬ್ಸ್‌ನಂಥ ಅರೇಖೀಯ ಡಿಕೋಡರ್ ಟವರಿನಲ್ಲಿಡುವುದು ದುಬಾರಿ. ಹೆಚ್ಚಿನ ಕಡೆ ಮೊದಲನೆಯದೇ ನಡೆಯುತ್ತದೆ. ಅದಕ್ಕೇ ಜಾತ್ರೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳು ತುಂಬಿದ್ದರೂ ಫೋಟೊ ಹೋಗುವುದಿಲ್ಲ.

ಹಳ್ಳಿಗಳ ವಿಷಯಕ್ಕೆ ಬಂದರೆ ಮ್ಯಾಸಿವ್ ಮೈಮೊ ಅಷ್ಟೇನೂ ಹೊಂದುವ ಅಂಗಿಯಲ್ಲ. ಆಂಟೆನಾಗಳ ನಡುವೆ ಸುಮಾರು ಅರ್ಧ ತರಂಗದೂರದ ಅಂತರ ಬೇಕು. 3.5 ಗಿಗಾಹರ್ಟ್ಸ್‌ನಲ್ಲಿ ಅದು ನಾಲ್ಕು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, 64 ಆಂಟೆನಾಗಳ ಪೆಟ್ಟಿಗೆಯನ್ನು ಟವರಿಗೆ ಏರಿಸಬಹುದು. ದೂರದೂರದ ಹಳ್ಳಿಗಳನ್ನು ತಲುಪುವ 700 ಮೆಗಾಹರ್ಟ್ಸ್‌ನಲ್ಲಿ ಅಂತರ ಇಪ್ಪತ್ತೊಂದು ಸೆಂಟಿಮೀಟರ್, ಅಷ್ಟೇ ಆಂಟೆನಾಗಳ ಹಲಗೆಗೆ ಬಾಗಿಲಿನಗಲ ಸಾಲದು. ಹಾಗಾಗಿ ಹರಪನಹಳ್ಳಿಯ ಉಚ್ಚಂಗಿದುರ್ಗದ ಬುಡದ ಹಳ್ಳಿಗಳಿಗೋ ಕೂಡ್ಲಿಗಿಯ ಒಳಭಾಗಕ್ಕೋ ಕೆಳ ಆವರ್ತನದಲ್ಲಿ ಸೇವೆ ಕೊಡುವಾಗ ಎರಡು-ನಾಲ್ಕು ಆಂಟೆನಾಗಳ ಸಣ್ಣ ಮೈಮೊವೇ ಗತಿ. ಅಲ್ಲಿ ಚಾನೆಲ್ ಹದಗೆಟ್ಟಿದ್ದರೆ ಸಂಖ್ಯೆಯ ಬಲದಿಂದ ಸರಿದೂಗಿಸುವಂತಿಲ್ಲ, ಒಳ್ಳೆಯ ಡಿಕೋಡರ್ ಬೇಕೇ ಬೇಕು. ಸಂಶೋಧನಾ ಪತ್ರಿಕೆಗಳ ಒಲವು ಒಂದು ದಶಕದಿಂದ ದೊಡ್ಡ ಸಂಖ್ಯೆಗಳ ಕಡೆಗಿದೆ. ಗೋಳ ಡಿಕೋಡರ್ ಹಳೆಯದಾಯಿತೆಂದು ಅಲ್ಲಿ ಹೇಳುವುದುಂಟು. ಈ ತಾಲ್ಲೂಕುಗಳ ನೆಲದ ಮೇಲೆ ನಿಂತು ನೋಡಿದರೆ ಅದು ಅವಸರದ ತೀರ್ಮಾನ.

ಮಾನಕ ಮತ್ತು ಮಾರುಕಟ್ಟೆ

4ಜಿ, 5ಜಿ ಮಾನಕಗಳನ್ನು ಬರೆಯುವ 3ಜಿಪಿಪಿ ಸಂಘಟನೆ ಕಳಿಸುವವರು ಏನು ಮಾಡಬೇಕೆಂದು ಅಕ್ಷರಕ್ಷರ ಗೊತ್ತುಮಾಡುತ್ತದೆ. ಪಡೆಯುವವರು ಹೇಗೆ ಬಿಡಿಸಬೇಕೆಂದು ಹೇಳುವುದೇ ಇಲ್ಲ. ಕನಿಷ್ಠ ಇಷ್ಟು ಸಾಧಿಸಬೇಕೆಂಬ ಪರೀಕ್ಷೆಗಳನ್ನಷ್ಟೇ ಇಡುತ್ತದೆ. 11ನೆಯ ಆವೃತ್ತಿಯಲ್ಲಿ ಪಕ್ಕದ ಟವರುಗಳ ಹಾವಳಿಯನ್ನು ತಗ್ಗಿಸುವ ಎಂಎಂಎಸ್‌ಇ-ಐಆರ್‌ಸಿ ಡಿಕೋಡರ್ ಈ ಪರೀಕ್ಷೆಗಳ ಅಳತೆಗೋಲಾಯಿತು. 12ನೆಯ ಆವೃತ್ತಿಯಲ್ಲಿ ಆ ಹಾವಳಿಯನ್ನು ಗುರುತಿಸಿ ಕಳೆಯಲು ಜಾಲವೇ ಫೋನಿಗೆ ನೆರವಾಗುವ ಏರ್ಪಾಡು ಬಂತು. ಮಿಕ್ಕದ್ದು ಚಿಪ್ ತಯಾರಕರ ಗುಟ್ಟು. ಒಂದೇ ಅಂಗಡಿಯಲ್ಲಿ ಕೊಂಡ ಎರಡು ಫೋನುಗಳು ಒಂದೇ ಹೊಲದಲ್ಲಿ ಬೇರೆ ಬೇರೆ ವೇಗ ತೋರಿಸುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಕ್ವಾಲ್ಕಾಮ್, ಸ್ಯಾಮ್ಸಂಗ್, ಮೀಡಿಯಾಟೆಕ್ ಮೂರಕ್ಕೂ ಬೆಂಗಳೂರಿನಲ್ಲಿ ಅಭಿವೃದ್ಧಿ ಕೇಂದ್ರಗಳಿವೆ. ಪೌಲ್‌ರಾಜ್ 2003ರಲ್ಲಿ ಸಹಸ್ಥಾಪಿಸಿದ, 2010ರಲ್ಲಿ ಬ್ರಾಡ್‌ಕಾಮ್ ಪಾಲಾದ ಬೀಸೀಮ್ ಕಂಪನಿಯ ಒಂದು ಕೇಂದ್ರವೂ ಇಲ್ಲೇ ಇತ್ತು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ ಟವರಿನ ರೇಡಿಯೊ ಉಪಕರಣ ಒದಗಿಸುವ ತೇಜಸ್ ನೆಟ್‌ವರ್ಕ್ಸ್ 2000ದಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅದರ ಸ್ಥಾಪಕರಲ್ಲೊಬ್ಬರಾದ ಕುಮಾರ್ ಶಿವರಾಜನ್ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. 2022ರ ಮೇ 17ರಂದು ಉದ್ಘಾಟನೆಯಾದ ದೇಶೀಯ 5ಜಿ ಪರೀಕ್ಷಾ ನೆಲೆಯನ್ನು ಕಟ್ಟಿದ ಸಂಸ್ಥೆಗಳಲ್ಲೂ ವಿಜ್ಞಾನ ಸಂಸ್ಥೆ ಸೇರಿದೆ.

ಡಿಕೋಡಿಂಗನ್ನು ಆಳ ನರಜಾಲಗಳಿಗೆ ಒಪ್ಪಿಸುವ ಯತ್ನ 2017ರಿಂದೀಚೆಗೆ ಜೋರಾಗಿದೆ. ಪುನರಾವರ್ತಿತ ಕ್ರಮವಿಧಿಯ ಒಂದೊಂದು ಸುತ್ತನ್ನೂ ನರಜಾಲದ ಒಂದೊಂದು ಪದರವಾಗಿ ಬಿಚ್ಚಿ, ಅದರ ಗುಣಾಂಕಗಳನ್ನು ಉದಾಹರಣೆಗಳಿಂದ ಕಲಿಸುವುದು ಇಲ್ಲಿನ ಪದ್ಧತಿ. ಸ್ಯಾಮುಯೆಲ್, ಡಿಸ್ಕಿನ್, ವೀಸೆಲ್ ರೂಪಿಸಿದ ಡೆಟ್‌ನೆಟ್ ಇದರ ಮೊದಲ ಹೆಸರಾಂತ ಮಾದರಿ. ಚದುರುವಿಕೆ ಹೇರಳವಾಗಿರುವ ಚಾನೆಲುಗಳ ಮೇಲೆ ಕಲಿತ ಜಾಲ ಅಂಥ ಕಡೆ ಚೆನ್ನಾಗಿ ನಡೆಯುತ್ತದೆ. ನೇರ ದಾರಿಯೊಂದೇ ಮೇಲುಗೈಯಾದ, ಒಂದಕ್ಕೊಂದು ಹೋಲುವ ಚಾನೆಲುಗಳಲ್ಲಿ ಅದರ ಫಲಿತಾಂಶ ಕುಸಿಯುವುದರಿಂದ, ಅಂಥ ನೆಲದ ಅಳತೆಗಳ ಮೇಲೆಯೇ ಅದಕ್ಕೆ ಮತ್ತೆ ಕಲಿಸಬೇಕಾಗುತ್ತದೆ.